ಟೆಂಪಿಯ ನಲವತ್ತೆರಡು

ಏಪ್ರಿಲ್ ಬಂತೆಂದರೆ ಅರಿಜೋನಾದ ಟೆಂಪಿ ಊರಿನಲ್ಲಿ 42 ಎಂಬ ಅಂಕಿ ಎಲ್ಲೆಲ್ಲೂ ಕಣ್ಣಿಗೆ ಬೀಳುತ್ತದೆ. ಕಾರುಗಳ ಹಿಂಬದಿ ಗಾಜಿನ ಮೇಲೆ, ಮಗುವನ್ನು ಕೂರಿಸಿಕೊಂಡ ತಳ್ಳುಗಾಡಿಯ ಬದಿಯಲ್ಲಿ, ಮುದುಕರ ಟೋಪಿಯ ಅಂಚಿನಲ್ಲಿ. ಅದು ಪ್ಯಾಟ್ ಟಿಲ್‌ಮನ್ ಎಂಬ ಹುಡುಗ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಆಡುತ್ತಿದ್ದಾಗ ತೊಡುತ್ತಿದ್ದ ಅಂಗಿಯ ಸಂಖ್ಯೆ. 1994ರಿಂದ 1997ರವರೆಗೆ ಇಲ್ಲಿ ಆಡಿದ. 2004ರ ಏಪ್ರಿಲ್ 22ರಂದು ಅಫ್ಘಾನಿಸ್ತಾನದ ಖೋಸ್ಟ್ ಪ್ರಾಂತ್ಯದ ಒಂದು ಕಣಿವೆಯಲ್ಲಿ, ಸೈನಿಕನಾಗಿದ್ದಾಗ ಸತ್ತ. ಆಗ ಅವನಿಗೆ ಇಪ್ಪತ್ತೇಳು ವರ್ಷ. ಅದರ ಮರುವರ್ಷದಿಂದ ಪ್ರತಿ ಏಪ್ರಿಲ್‌ನಲ್ಲಿ ಇಲ್ಲಿ ಅವನ ಹೆಸರಿನ ಓಟ ನಡೆಯುತ್ತದೆ. ದೂರ 4.2 ಮೈಲಿ, ಮುಗಿಯುವುದು ಅವನು ಆಡಿದ ಕ್ರೀಡಾಂಗಣದೊಳಗೆ, 42 ಗಜದ ಗೆರೆಯ ಮೇಲೆ. ಸಾವಿರಾರು ಜನ ಓಡುತ್ತಾರೆ. ನನ್ನಂಥವರು ನಡೆಯುತ್ತಾರೆ.

ನನಗೂ ಈ ಆಟಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ. ಚಾಂಡ್ಲರ್‌ನ ಚಿಪ್ ಕಾರ್ಖಾನೆಯ ಕೆಲಸ, ಮನೆ, ತಿಂಗಳಿಗೊಮ್ಮೆ ಕನ್ನಡ ಕೂಟದವರ ಊಟ, ಇಷ್ಟರಲ್ಲಿ ನನ್ನ ಅಮೆರಿಕ ಮುಗಿದುಹೋಗಿತ್ತು. ಇಲ್ಲಿ ಫುಟ್‌ಬಾಲ್ ಎನ್ನುವುದನ್ನು ಹೆಚ್ಚಾಗಿ ಕೈಯಲ್ಲೇ ಆಡುತ್ತಾರೆ. ನಾಲ್ಕು ಸೆಕೆಂಡು ಗುದ್ದಾಡಿ ಅರ್ಧ ನಿಮಿಷ ನಿಂತು ಮಾತಾಡುತ್ತಾರೆ. ನೋಡಲು ಕೂತರೆ ನಿದ್ದೆ ಬರುತ್ತಿತ್ತು. ಮಗಳು ಆ ವಿಶ್ವವಿದ್ಯಾಲಯಕ್ಕೆ ಸೇರಿದ ಮೇಲೆ ಮನೆಯೊಳಗೆ ಮರೂನ್ ಮತ್ತು ಹೊಂಬಣ್ಣದ ಬಟ್ಟೆಗಳು ಬಂದವು. ಅವಳಿಗಿಂತ ಹೆಚ್ಚಾಗಿ ನನಗೆ ಈ ಕಥೆಯನ್ನು ಅಂಟಿಸಿದವರು ಪಕ್ಕದ ಮನೆಯ ಹಿರಿಯರು. ನಿವೃತ್ತ ಎಲೆಕ್ಟ್ರಿಷಿಯನ್. ಹೆಂಡತಿ ತೀರಿಕೊಂಡಿದ್ದಾರೆ, ಮಕ್ಕಳು ದೂರ. ಸಂಜೆ ಗ್ಯಾರೇಜಿನ ಬಾಗಿಲು ಎತ್ತಿ ಕುರ್ಚಿ ಹಾಕಿಕೊಂಡು ಕೂತರೆ ಬೀದಿಯಲ್ಲಿ ಹೋಗುವವರಿಗೆ ಬಿಡುಗಡೆಯಿಲ್ಲ. ಗ್ಯಾರೇಜಿನ ಗೋಡೆಗೆ ಮಾಸಿದ ಮರೂನ್ ಅಂಗಿಯೊಂದನ್ನು ಚೌಕಟ್ಟು ಹಾಕಿಸಿ ತೂಗುಹಾಕಿದ್ದಾರೆ. ಅದರ ಎದೆಯ ಮೇಲೆ ಸಾಸಿವೆ ಗೊಜ್ಜಿನ ಕಲೆ ಹಾಗೇ ಇದೆ. ಒಗೆಸಬಾರದಿತ್ತೇ ಎಂದು ಕೇಳಿದೆ. "ಅದು ನೆಬ್ರಾಸ್ಕಾ ಆಟದ ದಿನದ್ದು" ಎಂದರು, ಕೇಳಬಾರದ್ದನ್ನು ಕೇಳಿದೆನೇನೋ ಎನ್ನುವ ಹಾಗೆ.

ನೆಬ್ರಾಸ್ಕಾ ಆಟದ ಕಥೆಯನ್ನು ಅವರ ಬಾಯಿಂದ ಕೇಳಬೇಕು. 1995ರಲ್ಲಿ ನೆಬ್ರಾಸ್ಕಾ ತಂಡ ಅರಿಜೋನಾ ಸ್ಟೇಟನ್ನು 77-28ರಿಂದ ಬಡಿದುಹಾಕಿತ್ತು. ಮಾರನೆಯ ವರ್ಷ ಸೆಪ್ಟೆಂಬರ್ 21ಕ್ಕೆ ಅದೇ ತಂಡ ಟೆಂಪಿಗೆ ಬಂತು. ಸತತ ಎರಡು ವರ್ಷದ ರಾಷ್ಟ್ರೀಯ ಚಾಂಪಿಯನ್, ಇಪ್ಪತ್ತಾರು ಪಂದ್ಯಗಳಿಂದ ಸೋಲು ಕಾಣದ ತಂಡ. ಆ ರಾತ್ರಿ ಅದು ಒಂದೇ ಒಂದು ಅಂಕ ಗಳಿಸಲಾಗದೆ 19-0ಕ್ಕೆ ಸೋತು ಮನೆಗೆ ಹೋಯಿತು. ರಕ್ಷಣೆಯ ಸಾಲಿನಲ್ಲಿ ನಿಂತಿದ್ದವರಲ್ಲಿ ಒಬ್ಬ ಟಿಲ್‌ಮನ್. ಲೈನ್‌ಬ್ಯಾಕರ್ ಎಂದರೆ ಎದುರಾಳಿಯ ಚೆಂಡು ಎತ್ತ ಹೊರಡುತ್ತದೆ ಎಂದು ಕ್ಷಣದಲ್ಲಿ ಊಹಿಸಿ, ಚೆಂಡು ಹಿಡಿದವನನ್ನು ನೆಲಕ್ಕೆ ಕೆಡವಬೇಕಾದವನು. ಸಾಮಾನ್ಯವಾಗಿ ಆಜಾನುಬಾಹುಗಳನ್ನು ನಿಲ್ಲಿಸುವ ಜಾಗ. ಇವನು ಆರಡಿಯೂ ಇಲ್ಲ. ವಿದ್ಯಾರ್ಥಿವೇತನಗಳೆಲ್ಲ ಹಂಚಿಹೋಗಿ ಕೊನೆಗೆ ಉಳಿದದ್ದು ಇವನ ಪಾಲಿಗೆ ಬಂದಿತ್ತಂತೆ. ಹೆಲ್ಮೆಟ್ಟಿನ ಕೆಳಗಿನಿಂದ ಕೂದಲು ಹೆಗಲವರೆಗೆ ಇಳಿಬಿದ್ದಿರುತ್ತಿತ್ತು.

ಆ ಋತುವಿನಲ್ಲಿ ತಂಡ ಒಂದು ಪಂದ್ಯವನ್ನೂ ಸೋಲದೆ ಪ್ಯಾಸಡೀನಾದಲ್ಲಿ ಹೊಸವರ್ಷಕ್ಕೆ ನಡೆಯುವ ರೋಸ್ ಬೌಲ್ ಎಂಬ ದೊಡ್ಡ ಪಂದ್ಯದವರೆಗೆ ಹೋಯಿತು. 1997ರ ಜನವರಿ 1, ಎದುರಾಳಿ ಒಹಾಯೊ ಸ್ಟೇಟ್. ಎರಡು ನಿಮಿಷಕ್ಕಿಂತ ಕಡಿಮೆ ಉಳಿದಿದ್ದಾಗ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡೆಸೆದು ದಾಳಿ ನಡೆಸುವ ಆಟಗಾರ, ಜೇಕ್ ಪ್ಲಮರ್ ತಾನೇ ಚೆಂಡು ಹಿಡಿದು ನುಗ್ಗಿ 17-14ರ ಮುನ್ನಡೆ ಕೊಟ್ಟ. ಇನ್ನು 19 ಸೆಕೆಂಡು ಇದೆ ಎನ್ನುವಾಗ ಒಹಾಯೊ ಚೆಂಡನ್ನು ಕೊನೆಯ ಗೆರೆ ದಾಟಿಸಿ ಟಚ್‌ಡೌನ್ ಗಳಿಸಿತು. 20-17. "ಸೆಪ್ಟೆಂಬರ್‌ನಲ್ಲಿ ಹತ್ತೊಂಬತ್ತು ಕೊಟ್ಟ ದೇವರು ಜನವರಿಯಲ್ಲಿ ಆ ಹತ್ತೊಂಬತ್ತನ್ನೇ ವಾಪಸು ಕಿತ್ತುಕೊಂಡ" ಎಂದು ಪಕ್ಕದ ಮನೆಯವರು ಇವತ್ತಿಗೂ ಲೆಕ್ಕ ಒಪ್ಪಿಸುತ್ತಾರೆ. ಅವರ ಹೆಂಡತಿ ಸತ್ತ ದಿನದ ಬಗ್ಗೆ ಇಷ್ಟು ವಿವರವಾಗಿ ಎಂದೂ ಹೇಳಿದ್ದಿಲ್ಲ. ಮನುಷ್ಯರಿಗೆ ಅಳಲು ಒಂದು ಜಾಗ ಬೇಕು, ಅದು ಎಲ್ಲಿ ಸಿಕ್ಕಿದರೂ ಆದೀತು.

ಟಿಲ್‌ಮನ್ ಬಗ್ಗೆ ಅಭಿಮಾನಿಗಳು ಹೇಳುವ ಕಥೆಗಳಲ್ಲಿ ಪಂದ್ಯಗಳದ್ದು ಅರ್ಧ ಮಾತ್ರ. ಮೊದಲ ವರ್ಷ ನಿನ್ನನ್ನು ಆಡಿಸದೆ ಕೂರಿಸಿ ಐದನೆಯ ವರ್ಷಕ್ಕೆ ಉಳಿಸಿಕೊಳ್ಳುತ್ತೇನೆ ಎಂದರಂತೆ ಕೋಚ್ ಬ್ರೂಸ್ ಸ್ನೈಡರ್. ಇಲ್ಲಿ ಅದು ರೂಢಿ. ನನಗೆ ಬದುಕಿನಲ್ಲಿ ಬೇರೆ ಕೆಲಸಗಳಿವೆ, ನಾಲ್ಕು ವರ್ಷಕ್ಕೆ ನಾನು ಹೊರಟುಬಿಡುತ್ತೇನೆ ಎಂದನಂತೆ ಹುಡುಗ. ಹೇಳಿದ ಹಾಗೆ ಮಾರ್ಕೆಟಿಂಗ್ ಪದವಿಯನ್ನು ಮೂರೂವರೆ ವರ್ಷಕ್ಕೇ ಮುಗಿಸಿದ, ಅದೂ ಬಹಳ ಒಳ್ಳೆಯ ಅಂಕಗಳೊಂದಿಗೆ. ಕ್ರೀಡಾಂಗಣದ ದೀಪಸ್ತಂಭ ಸುಮಾರು ಇನ್ನೂರು ಅಡಿ ಎತ್ತರ. ರಾತ್ರಿ ಅದನ್ನು ಹತ್ತಿ ಮೇಲೆ ಒಬ್ಬನೇ ಕೂತು ಯೋಚಿಸುತ್ತಿದ್ದ. ಇದು ದಂತಕಥೆಯಲ್ಲ, ಅವನೇ ಹೇಳಿಕೊಂಡಿದ್ದ. ಕಾಲೇಜಿನಲ್ಲಿರುವ ಮಗಳ ತಾಯಿಯಾಗಿ ಈ ಕಥೆ ಕೇಳಿದಾಗಲೆಲ್ಲ ನನಗೆ ಅಂಗಾಲು ಜುಮ್ಮೆನ್ನುತ್ತದೆ. ಮಗಳಿಗೆ ಮಾತ್ರ ಇದೇ ಬಲು ಇಷ್ಟದ ಕಥೆ.

1997ರಲ್ಲಿ ಅವನು ತನ್ನ ಲೀಗಿನ ಅತ್ಯುತ್ತಮ ರಕ್ಷಣಾ ಆಟಗಾರನಾದ. ಆದರೂ 1998ರಲ್ಲಿ ವೃತ್ತಿಪರ ತಂಡಗಳು ಆಟಗಾರರನ್ನು ಆರಿಸಿಕೊಳ್ಳುವಾಗ ಇವನ ಹೆಸರು ಬಂದದ್ದು 226ನೆಯದಾಗಿ. ಆರಿಸಿಕೊಂಡದ್ದು ಅರಿಜೋನಾ ಕಾರ್ಡಿನಲ್ಸ್. ಆ ತಂಡವೂ ಆಗ ಸನ್ ಡೆವಿಲ್ ಎಂಬ ಹೆಸರಿದ್ದ ಇದೇ ಕ್ರೀಡಾಂಗಣದಲ್ಲಿ ಆಡುತ್ತಿದ್ದುದರಿಂದ ಊರಿನ ಜನಕ್ಕೆ ಹುಡುಗ ಕಣ್ಣಮುಂದೆಯೇ ಉಳಿದ. ಅಭ್ಯಾಸಕ್ಕೆ ಸೈಕಲ್ಲಿನಲ್ಲಿ ಬರುತ್ತಿದ್ದ. 2000ದ ಋತುವಿನಲ್ಲಿ 224 ಬಾರಿ ಎದುರಾಳಿಗಳನ್ನು ಕೆಡವಿದ, ಅದು ತಂಡದ ದಾಖಲೆ. ಸೇಂಟ್ ಲೂಯಿಯ ರ‍್ಯಾಮ್ಸ್ ತಂಡ ಐದು ವರ್ಷಕ್ಕೆ 90 ಲಕ್ಷ ಡಾಲರ್ ಕೊಡುತ್ತೇವೆಂದು ಕರೆಯಿತು. ನನ್ನನ್ನು ನಂಬಿ ತೆಗೆದುಕೊಂಡವರು ಇವರು ಎಂದು ಕಾರ್ಡಿನಲ್ಸ್‌ನಲ್ಲೇ ಉಳಿದ. ಆಮೇಲೆ 2001ರ ಸೆಪ್ಟೆಂಬರ್ ದಾಳಿ. 2002ರಲ್ಲಿ ಕಾರ್ಡಿನಲ್ಸ್ ಕೊಟ್ಟ ಮೂರು ವರ್ಷದ 36 ಲಕ್ಷ ಡಾಲರ್ ಒಪ್ಪಂದವನ್ನು ಬದಿಗಿಟ್ಟು ತಮ್ಮ ಕೆವಿನ್ ಜೊತೆ ಸೈನ್ಯಕ್ಕೆ ಸೇರಿದ. ಏಕೆ ಎಂದು ಪತ್ರಕರ್ತರಿಗೆ ಹೇಳಲು ಒಪ್ಪಲಿಲ್ಲ. ತನ್ನನ್ನು ಪ್ರಚಾರಕ್ಕೆ ಬಳಸಬಾರದು ಎಂಬುದಷ್ಟೇ ಅವನ ಹಟ.

ಸತ್ತ ಮೇಲೆ ಆದದ್ದು ಸರಿಯಾಗಿ ಅದರ ಉಲ್ಟಾ.

ಸುದ್ದಿ ಬಂದ ಶುಕ್ರವಾರ ಟೆಂಪಿಯಲ್ಲಿ ಕಾರ್ಡಿನಲ್ಸ್ ಕಚೇರಿಯ ಮುಂದೆ ಜನ ಹೂವು, ಬಾವುಟ, ಕೈಬರಹದ ಚೀಟಿಗಳನ್ನು ತಂದು ಸುರಿದರು. ಶತ್ರುಗಳ ಗುಂಡಿನ ಮಳೆಯಲ್ಲಿ ತನ್ನವರನ್ನು ಕಾಪಾಡಲು ಗುಡ್ಡ ಹತ್ತಿ ಹೋರಾಡಿ ಸತ್ತ ಎಂದು ಸೈನ್ಯ ಹೇಳಿತು. ಸಿಲ್ವರ್ ಸ್ಟಾರ್ ಪದಕ ಕೊಟ್ಟಿತು. ಮೇ 3ರಂದು ಅವನ ಹುಟ್ಟೂರಿನ ಕಡೆ, ಸ್ಯಾನ್ ಹೋಸೆಯಲ್ಲಿ ದೊಡ್ಡ ಸಭೆ ನಡೆಯಿತು, ಟಿವಿಯಲ್ಲಿ ನೇರ ಪ್ರಸಾರ. ಎಲ್ಲ ಮುಗಿದು ಮೇ ತಿಂಗಳ ಕೊನೆಗೆ ಸತ್ಯ ಹೊರಬಂತು: ಅವನನ್ನು ಕೊಂದದ್ದು ಅವನದೇ ತುಕಡಿಯವರ ಗುಂಡು. ಎರಡಾಗಿ ಒಡೆದಿದ್ದ ತುಕಡಿಯ ಒಂದು ಭಾಗ ಇನ್ನೊಂದನ್ನು ಶತ್ರುಗಳೆಂದು ತಿಳಿದು ಗುಂಡು ಹಾರಿಸಿತ್ತು. ಸ್ಥಳದಲ್ಲಿದ್ದವರಿಗೆ ಇದು ಮೊದಲೇ ಗೊತ್ತಿತ್ತು. ಅವನ ಸಮವಸ್ತ್ರ, ಎದೆಕವಚ, ಟಿಪ್ಪಣಿ ಪುಸ್ತಕ ಎಲ್ಲವನ್ನೂ ಸುಟ್ಟಿದ್ದರು. ತಮ್ಮ ಕೆವಿನ್ ಅದೇ ತುಕಡಿಯ ಹಿಂದಿನ ವಾಹನಗಳಲ್ಲಿದ್ದ, ಅವನಿಗೂ ಹೇಳಿರಲಿಲ್ಲ. ತಾಯಿ ಮೇರಿ ಟಿಲ್‌ಮನ್ ವರ್ಷಗಟ್ಟಲೆ ಕಡತ ಹಿಡಿದು ಅಲೆದರು. 2007ರಲ್ಲಿ ಸಂಸತ್ತಿನ ಸಮಿತಿಯ ಮುಂದೆ ಕೆವಿನ್ ಸಾಕ್ಷಿ ಹೇಳಿದ.

ಈ ಎಲ್ಲವನ್ನೂ ನಾನು ಮದ್ದೂರಿನಲ್ಲಿರುವ ಅಪ್ಪನಿಗೆ ಫೋನಿನಲ್ಲಿ ಹೇಳುತ್ತಿದ್ದೆ. ಅಪ್ಪ ಹೈಸ್ಕೂಲಿನಲ್ಲಿ ಚರಿತ್ರೆ ಮೇಷ್ಟರಾಗಿದ್ದವರು. ನಾನು ಓಟದ ಸುದ್ದಿ ಎತ್ತಿದರೆ "ಯಾರ ಜಾತ್ರೆಯಮ್ಮ ಅದು?" ಎಂದು ಶುರುಮಾಡುತ್ತಾರೆ. ಕಥೆ ಪೂರ್ತಿ ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಅವನ ಕಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಏನು ಕೆತ್ತಬೇಕು?" ಎಂದರು.

ಅಪ್ಪನ ಜೊತೆ ಚಿಕ್ಕಂದಿನಲ್ಲಿ ಹೊಲದ ಬದುಗಳಲ್ಲಿ ಅಲೆದವಳಿಗೆ ಆ ಪ್ರಶ್ನೆ ಬಿಡಿಸಿ ಹೇಳಬೇಕಾಗಿರಲಿಲ್ಲ. ನಮ್ಮ ಕಡೆಯ ವೀರಗಲ್ಲುಗಳಲ್ಲಿ ಸಾಮಾನ್ಯವಾಗಿ ಮೂರು ಪಟ್ಟಿಕೆ. ಕೆಳಗಡೆ ವೀರ ಹೋರಾಡಿದ್ದು, ಯಾರ ವಿರುದ್ಧ, ಹೇಗೆ ಎನ್ನುವುದು. ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಿರುವುದು. ಮೇಲೆ ಸ್ವರ್ಗದಲ್ಲಿ ಶಿವಲಿಂಗದ ಬಳಿ ಅವನು ಕುಳಿತಿರುವುದು. ನಮ್ಮದೇ ತಾಲ್ಲೂಕಿನ ಆತಕೂರಿನ ಶಾಸನದಲ್ಲಂತೂ ಕಾಳಿ ಎಂಬ ನಾಯಿಯ ಕಥೆಯಿದೆ. ಚೋಳರ ವಿರುದ್ಧ ನಡೆದ ತಕ್ಕೋಲದ ಯುದ್ಧದಲ್ಲಿ ಕಾದಿದ ಮಣಲೇರ ಎಂಬ ವೀರನಿಗೆ ಮೆಚ್ಚುಗೆಯಾಗಿ ಬಂದ ನಾಯಿ ಅದು. ಹಂದಿಯೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು. 949-50ರ ಸುಮಾರಿನ ಕಲ್ಲು, ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಅಪ್ಪನಿಗೆ ಆ ಕಲ್ಲಿನ ಮೇಲೆ ವಿಶೇಷ ಅಭಿಮಾನ. ಅಲ್ಲಿ ಹಂದಿಯನ್ನು ಹಂದಿಯೆಂದೇ ಕೆತ್ತಿದ್ದಾರೆ, ಹುಲಿ ಮಾಡಿಲ್ಲ ಎನ್ನುತ್ತಾರೆ.

ಟಿಲ್‌ಮನ್‌ನ ಕೆಳಗಿನ ಪಟ್ಟಿಕೆಯನ್ನು ಸೈನ್ಯ ಸುಳ್ಳು ಕೆತ್ತಿತು. ಮೇಲಿನದನ್ನು ಮನೆಯವರೇ ಬೇಡವೆಂದರು. ಆ ಮೇ 3ರ ಸಭೆಯಲ್ಲಿ ದೊಡ್ಡ ದೊಡ್ಡವರು ಬಂದು, ಪ್ಯಾಟ್ ಈಗ ದೇವರ ಬಳಿ ಇದ್ದಾನೆ ಎಂಬ ಧಾಟಿಯಲ್ಲಿ ಮಾತಾಡಿದ ಮೇಲೆ ಕಿರಿಯ ತಮ್ಮ ರಿಚರ್ಡ್ ಮಾಮೂಲಿ ಅಂಗಿಯಲ್ಲಿ ವೇದಿಕೆಗೆ ಬಂದು, ಬೈಗುಳ ಬೆರೆಸಿ, ಅಣ್ಣನಿಗೆ ದೇವರ ನಂಬಿಕೆ ಇರಲಿಲ್ಲ, ಅವನು ದೇವರ ಬಳಿ ಇಲ್ಲ, ಸತ್ತಿದ್ದಾನೆ ಎಂದುಬಿಟ್ಟ. ನೇರ ಪ್ರಸಾರದಲ್ಲಿ. ನನಗೆ ಆ ತುಣುಕನ್ನು ನೋಡಿದಾಗ ಮೊದಲು ಮುಜುಗರವಾಯಿತು, ಆಮೇಲೆ ಆ ಹುಡುಗನ ಮೇಲೆ ಅಕ್ಕರೆ ಹುಟ್ಟಿತು. ಸಾವಿನ ಮನೆಯಲ್ಲಿ ಒಬ್ಬರಾದರೂ ಹಾಗೆ ಮಾತಾಡುವವರು ಇರಬೇಕು. ಅಪ್ಪ ಮಾತ್ರ ಒಪ್ಪಲಿಲ್ಲ. "ಅಂಥ ಸಭೆಯಲ್ಲಿ ಹಾಗೆ ಅನ್ನಬಾರದಿತ್ತು" ಎಂದರು. ನಮ್ಮಿಬ್ಬರ ನಡುವೆ ಅದು ಹಾಗೇ ನಿಂತಿದೆ.

ಅವನನ್ನು ಎತ್ತಿಕೊಂಡು ಹೋಗುವವರಿಗೆ ಮಾತ್ರ ಕೊರತೆಯಾಗಿಲ್ಲ. 2017ರಲ್ಲಿ ಕೆಲವು ಆಟಗಾರರು ರಾಷ್ಟ್ರಗೀತೆಯ ಹೊತ್ತಿಗೆ ಮಂಡಿಯೂರಿ ಪ್ರತಿಭಟಿಸಿದಾಗ, ಅವರನ್ನು ಹಳಿಯಲು ಟಿಲ್‌ಮನ್ ಚಿತ್ರವನ್ನು ಬಳಸಿದ ಸಂದೇಶವೊಂದನ್ನು ಅಧ್ಯಕ್ಷ ಟ್ರಂಪ್ ಹಂಚಿಕೊಂಡರು. ನನ್ನ ಗಂಡನ ಸೇವೆಯನ್ನು ಜನರನ್ನು ಒಡೆಯಲು ಬಳಸಬೇಡಿ ಎಂದು ಹೆಂಡತಿ ಮೇರೀ ಹೇಳಿಕೆ ಕೊಡಬೇಕಾಯಿತು. 2024ರಲ್ಲಿ ಅವನ ಹೆಸರಿನ ಪ್ರಶಸ್ತಿಯನ್ನು ಬ್ರಿಟನ್ನಿನ ರಾಜಕುಮಾರ ಹ್ಯಾರಿಗೆ ಕೊಟ್ಟದ್ದಕ್ಕೆ ತಾಯಿ ಬಹಿರಂಗವಾಗಿ ಬೇಸರಪಟ್ಟುಕೊಂಡರು. ಇರಾಕ್ ಯುದ್ಧ ಸರಿಯಲ್ಲ ಎಂದು ಅವನು ಜೊತೆಯವರ ಬಳಿ ಹೇಳಿದ್ದ, ಯುದ್ಧವಿರೋಧಿ ಲೇಖನಗಳನ್ನು ಓದುತ್ತಿದ್ದ ಎನ್ನುವುದು ಈಚೆಯವರಿಗೂ ಆಚೆಯವರಿಗೂ ಅನುಕೂಲ ನೋಡಿ ನೆನಪಾಗುತ್ತದೆ.

ಇದಕ್ಕೆಲ್ಲ ಹೋಲಿಸಿದರೆ ನನಗೆ ಟೆಂಪಿಯ ಅಭಿಮಾನಿಗಳು ಮೇಲು. ಅವರು ತಾವು ಕಣ್ಣಾರೆ ಕಂಡದ್ದನ್ನು ನೆನೆಯುತ್ತಾರೆ. ಖೋಸ್ಟ್ ಕಣಿವೆಯಲ್ಲಿ ಏನಾಯಿತೆಂದು ಪಕ್ಕದ ಮನೆಯವರನ್ನು ಕೇಳಿದರೆ "ನಾನು ಅಲ್ಲಿರಲಿಲ್ಲ" ಎನ್ನುತ್ತಾರೆ. 1996ರಲ್ಲಿ ಹುಡುಗ ಎಲ್ಲಿ ನಿಂತಿದ್ದ ಎಂದು ಕೇಳಿ ನೋಡಿ, ಮೇಜಿನ ಮೇಲಿನ ಉಪ್ಪು, ಮೆಣಸಿನ ಡಬ್ಬಿಗಳನ್ನು ಸಾಲಾಗಿ ಇಟ್ಟು ತೋರಿಸುತ್ತಾರೆ.

ಓಟದ ದಿನ ಬೆಳಕು ಹರಿಯುವ ಮೊದಲೇ ಹೊರಡಬೇಕು, ಇಲ್ಲದಿದ್ದರೆ ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ. ಕ್ರೀಡಾಂಗಣ ಎರಡು ಕಲ್ಲುಗುಡ್ಡಗಳ ನಡುವಿನ ಬಿರುಕಿನಲ್ಲಿ ಸಿಕ್ಕಿಸಿಟ್ಟ ಹಾಗಿದೆ. ಒಂದು ಗುಡ್ಡದ ಮೈಮೇಲೆ ಹೊಂಬಣ್ಣದ ದೊಡ್ಡ 'ಎ' ಅಕ್ಷರ. ಪಕ್ಕದಲ್ಲಿ ಸಾಲ್ಟ್ ನದಿಯ ಒಣ ಪಾತ್ರದಲ್ಲಿ ಕಟ್ಟಿ ನೀರು ನಿಲ್ಲಿಸಿದ ಟೌನ್ ಲೇಕ್. ಆ ಹೊತ್ತಿಗೆ ಪಾಲೋ ವರ್ಡೆ ಮರಗಳು ಮೈತುಂಬ ಹಳದಿ ಹೂ ಬಿಟ್ಟಿರುತ್ತವೆ. ಉದುರಿದ ಹೂ ಶೂಗಳಿಗೆ ಮೆತ್ತಿಕೊಳ್ಳುತ್ತದೆ. ಗಾಳಿಯಲ್ಲಿ ಬಿಸಿಲಿಗೆ ಹಚ್ಚುವ ಕ್ರೀಮಿನ ವಾಸನೆ. ಎದೆಗೆ ಸಿಕ್ಕಿಸುವ ಸಂಖ್ಯೆಯ ಚೀಟಿಗೆ ನಾಲ್ಕು ಪಿನ್ನು ಕೊಡುತ್ತಾರೆ. ಪಕ್ಕದ ಮನೆಯವರ ಬೆರಳುಗಳಿಗೆ ಈಗ ನಡುಕ. ಆ ಪಿನ್ನುಗಳನ್ನು ಚುಚ್ಚಿಕೊಡುವುದು ಮಗಳ ಕೆಲಸ. ಪ್ರತಿ ಸಲವೂ "ಇನ್ನೂ ಸ್ವಲ್ಪ ಎಡಕ್ಕೆ" ಎನ್ನುತ್ತಾರೆ, ಅವಳು "ಸುಮ್ಮನಿರಿ ತಾತ" ಎಂದು ಕನ್ನಡದಲ್ಲೇ ಗದರುತ್ತಾಳೆ. ತಾತ ಎಂದರೆ ಏನೆಂದು ಅವರಿಗೆ ಗೊತ್ತು.

ಬೆನ್ನಿಗೆ ಭಾರದ ಚೀಲ ಕಟ್ಟಿಕೊಂಡು ಬೂಟುಗಾಲಲ್ಲಿ ನಡೆಯುವ ಸೈನಿಕರು, ಕೃತಕ ಕಾಲಿನವರು, ನಾಯಿ ಕಟ್ಟಿಕೊಂಡು ಬಂದವರು, ಟಿಲ್‌ಮನ್ ಸತ್ತ ಮೇಲೆ ಹುಟ್ಟಿದ ಕಾಲೇಜು ಹುಡುಗರು. ಚಿಕ್ಕ ಮಕ್ಕಳಿಗೆ ಕ್ರೀಡಾಂಗಣದೊಳಗೇ 0.42 ಮೈಲಿಯ ಬೇರೆ ಓಟ. ಬಾವುಟಗಳ ಅಬ್ಬರ ಸ್ವಲ್ಪ ಜಾಸ್ತಿಯೇ. ಧ್ವನಿವರ್ಧಕದಲ್ಲಿ ಕೇಳುವ ಮಾತುಗಳಲ್ಲಿ ಗುಂಡು ಯಾರದ್ದು ಎಂಬ ಸುದ್ದಿ ನನ್ನ ಕಿವಿಗೆ ಬಿದ್ದಿಲ್ಲ. ಅದನ್ನು ಹಬ್ಬದ ದಿನ ಹೇಳಲಾಗದು ಎಂಬುದೂ ಅರ್ಥವಾಗುತ್ತದೆ, ಹೇಳದಿರುವುದು ನನಗೆ ಚುಚ್ಚುತ್ತದೆ ಕೂಡ. ಆದರೆ ಓಟದ ಹಣದಿಂದ ನಡೆಯುವ ಪ್ರತಿಷ್ಠಾನ ಮಾಜಿ ಸೈನಿಕರಿಗೂ ಅವರ ಹೆಂಡತಿ, ಗಂಡಂದಿರಿಗೂ ಓದಿಗೆ ವಿದ್ಯಾರ್ಥಿವೇತನ ಕೊಡುತ್ತದೆ. ಕೊನೆಯ ವಿದ್ಯಾರ್ಥಿವೇತನದ ಮೇಲೆ ಓದಿದವನ ಹೆಸರಲ್ಲಿ ಅದು ಒಪ್ಪುವ ಕೆಲಸ.

ಕ್ರೀಡಾಂಗಣದಲ್ಲಿ ಅವನ ಕಂಚಿನ ಪ್ರತಿಮೆಯಿದೆ, 2017ರಲ್ಲಿ ನಿಲ್ಲಿಸಿದ್ದು. ಪಂದ್ಯದ ದಿನ ಆಟಗಾರರು ಅದನ್ನು ಮುಟ್ಟಿ ಮೈದಾನಕ್ಕೆ ಇಳಿಯುತ್ತಾರೆ. ಸೈನಿಕನ ವೇಷವಲ್ಲ, ಆಟದ ವೇಷ. ಉದ್ದ ಕೂದಲು ಹಾಗೇ ಇದೆ. ಮಗಳು ಅದರ ಚಿತ್ರ ತೆಗೆದು ತಾತನಿಗೆ, ಅಂದರೆ ಮದ್ದೂರಿನ ತಾತನಿಗೆ, ಕಳಿಸಿದಳು. ಅಪ್ಪ ಚಿತ್ರವನ್ನು ದೊಡ್ಡದು ಮಾಡಿ ನೋಡಿರಬೇಕು. ಸಂಜೆ ಫೋನು ಬಂತು.

"ಇದು ಸರಿಯಾಗಿದೆ. ಆಟಗಾರನನ್ನು ಆಟಗಾರನ ಹಾಗೆಯೇ ಮಾಡಿದ್ದಾರೆ" ಎಂದರು. ಆಮೇಲೆ, "ಆ ಓಟದ ಅಂಗಿ ಹಿರಿಯರ ಅಳತೆಗೂ ಸಿಗುತ್ತದೆಯೇ? ಸಿಕ್ಕಿದರೆ ಒಂದು ತೆಗೆದಿಡು, ಸಂಜೆ ವಾಕಿಂಗಿಗೆ ಆಗುತ್ತದೆ. ಹತ್ತಿಯದ್ದಾದರೆ ಮಾತ್ರ."

ಹತ್ತಿಯದ್ದಲ್ಲ, ಬೆವರು ಬೇಗ ಆರುವ ಆ ಜಾರು ಬಟ್ಟೆ. ಆದರೂ ಮಗಳು ಒಂದನ್ನು ತೆಗೆದಿಟ್ಟಿದ್ದಾಳೆ. ಊರಿಗೆ ಹೋಗುವವರು ಯಾರಾದರೂ ಇದ್ದರೆ ತಿಳಿಸಿ. ಕಾಲು ಕಿಲೋಗಿಂತ ಹೆಚ್ಚು ತೂಗುವುದಿಲ್ಲ.